ವಿಲಾಯತಿಯ ಎರಕದ ಮನೆಯಲ್ಲಿ ಒಂದು ಹಸಿ ಅಚ್ಚು

ಹೊಸದುರ್ಗ ರೋಡ್ ಸ್ಟೇಷನ್

ನಾನು ವಿಲಾಯತಿಗೆ ಹೋಗಿ ಬಂದವನೆಂದು ತಿಳಿದರೆ ನಮ್ಮ ಕಡೆಯ ಜನ ಮೊದಲು ಕೇಳುವುದು, ಅಲ್ಲಿ ಹೊಟ್ಟೆಗೆ ಏನು ಮಾಡಿಕೊಂಡಿರಿ ಎಂದು. ಆಲೂಗೆಡ್ಡೆ ತಿಂದೆವು ಎನ್ನುತ್ತೇನೆ. ಬಿಸಿಲು ಹೇಗೆ ಎನ್ನುತ್ತಾರೆ. ಬಿಸಿಲು ಇರಲಿಲ್ಲ ಎನ್ನುತ್ತೇನೆ. ಅಲ್ಲಿಗೆ ಅವರ ಕುತೂಹಲ ತೀರುತ್ತದೆ. ಪೂರಾ ಕಾಲ ಅಲ್ಲಿ ನಿಲ್ಲದೆ ಅರ್ಧ ಕಲಿತು ಏಕೆ ಹಿಂದಿರುಗಿದಿರಿ ಎಂದು ಕೇಳಿದವರು ಕಡಿಮೆ. ಕೇಳಿದವರಿಗೂ ಅದು ನಿಂತ ನಿಲುವಿನಲ್ಲಿ ಹೇಳುವಂಥ ಸಂಗತಿಯಲ್ಲ.

ನನ್ನ ಊರು ಐಮಂಗಲ, ಹೆಸರು ರುದ್ರಪ್ಪ. ಮಾರಿಕಣಿವೆಯಲ್ಲಿ ಕಟ್ಟೆ ಏಳುತ್ತಿದ್ದ ಕಾಲದಲ್ಲಿ ಅಲ್ಲಿ ಓವರ್ಸಿಯರ್ ಆಗಿದ್ದೆ. ಕಲ್ಲು ನಮ್ಮದು, ಗಾರೆ ನಮ್ಮದು, ಹೊತ್ತವರು ನಮ್ಮವರು. ಕಬ್ಬಿಣ ಮಾತ್ರ ಹಡಗಿನಲ್ಲಿ ಬರಬೇಕಾಗಿತ್ತು. ತೂಬಿನ ಬಾಗಿಲು ಎತ್ತುವ ಹಲ್ಲುಚಕ್ರದ ಒಂದು ಹಲ್ಲು ಮುರಿದರೂ ಹೊಸದು ಸಮುದ್ರ ದಾಟಿ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಕಟ್ಟೆ ಮುಗಿದ ಮೇಲೆ ನಮ್ಮ ಇಂಜಿನಿಯರ್ ಸಾಹೇಬರು, ಹಿರಿಯೂರಿನಲ್ಲೇ ಒಂದು ಎರಕದ ಮನೆ ಆಗಬೇಕು, ಚಿತ್ರದುರ್ಗದಲ್ಲಿ ಆ ಕೆಲಸ ಕಲಿಸುವ ತರಗತಿ ಆಗಬೇಕು ಎಂದು ಪಟ್ಟು ಹಿಡಿದು, ಇಬ್ಬರನ್ನು ವಿಲಾಯತಿಗೆ ಕಳಿಸಲು ಸರ್ಕಾರವನ್ನು ಒಪ್ಪಿಸಿದರು. ಒಬ್ಬರು ಹಿರಿಯೂರಿನ ಕಾಳಾಚಾರ್. ನೇಗಿಲ ಗುಳದಿಂದ ದೇವರ ಪ್ರಭಾವಳಿಯವರೆಗೆ ಕಬ್ಬಿಣ ಹಿತ್ತಾಳೆ ಎರಡನ್ನೂ ಬಲ್ಲವರು. ತಮಗೆ ಗೊತ್ತಿದೆ ಎಂಬುದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವದವರಲ್ಲ. ಇನ್ನೊಬ್ಬ ನಾನು.

“ಆಚಾರ್ ಕೈಕೆಲಸ ಕಲಿಯಲಿ, ನೀನು ಮಾತು ಕಲಿ” ಎಂದಿದ್ದರು ಸಾಹೇಬರು. “ಅಲ್ಲಿ ಒಂದೊಂದು ಸಾಮಾನಿಗೆ, ಒಂದೊಂದು ಕೆಲಸಕ್ಕೆ ಒಂದು ಹೆಸರಿದೆ. ಅದಕ್ಕೆ ನಮ್ಮ ಹೆಸರು ಯಾವುದು ಎಂದು ಹುಡುಕಿಕೊಂಡು ಬಾ. ಹೆಸರಿಲ್ಲದ ವಸ್ತುವನ್ನು ನಾಳೆ ನಮ್ಮವರಿಗೆ ಹೇಗೆ ಕಲಿಸುತ್ತೀಯ?”

ಸಮುದ್ರ ದಾಟುವ ವಿಷಯಕ್ಕೆ ಎರಡೂ ಮನೆಗಳಲ್ಲಿ ಮಾತಾಯಿತು. ನಮ್ಮ ಮಠದ ಬುದ್ಧಿಯವರು, “ಲಿಂಗ ಎದೆ ಮ್ಯಾಲಿದ್ರೆ ಯಾವ ನೀರು ಏನ್ ಮಾಡೀತು, ಹೋಗಿ ಬಾ” ಎಂದು ವಿಭೂತಿ ಕೊಟ್ಟರು. ಆಚಾರರ ಕುಲಸ್ಥರು ಒಪ್ಪಲಿಲ್ಲ. ಒಪ್ಪದಿದ್ದರೂ ಹೊಸದುರ್ಗದ ದಾರಿಯಲ್ಲಿ ನಮ್ಮ ಗಾಡಿಯ ಹಿಂದೆ ಅವರದ್ದೂ ಒಂದು ಗಾಡಿ ಬಂತು. ರೈಲು ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು ಕಿಟಕಿಯ ಹತ್ತಿರ ಬಂದು, “ಬ್ಯಾಡ ಅಂದಿದ್ದು ನಿಜ. ಹೊಂಟ ಮ್ಯಾಲೆ ಚೆನ್ನಾಗಿ ಕಲ್ತು ಬಾ” ಎಂದರು. ಆಚಾರರು ತಲೆಯಾಡಿಸಿ ಬೇರೆ ಕಡೆ ನೋಡಿದರು.

ಹಡಗಿನಲ್ಲಿ

ಮುಂಬಯಿ ಬಿಟ್ಟ ಮೇಲೆ ಕೆಲವು ದಿನ ನಾನು ಮಲಗಿದ ಕಡೆಯಿಂದ ಏಳಲಿಲ್ಲ. ಆಚಾರರಿಗೆ ಸಮುದ್ರ ಏನೂ ಮಾಡಲಿಲ್ಲ. ಅವರು ಹಡಗಿನ ಹೊಟ್ಟೆಯೊಳಗೆ ಇಳಿದು ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಲ್ಲಿಯ ಒಬ್ಬ ಮೆಕ್ಯಾನಿಕ್ ಇವರ ಕೈಯ ಸುಟ್ಟ ಕಲೆಗಳನ್ನು ಕಂಡು ಒಳಗೆ ಕರೆದನಂತೆ. ನಾನು ಚೇತರಿಸಿಕೊಂಡ ಮೇಲೆ ನನ್ನನ್ನೂ ಕರೆದುಕೊಂಡು ಹೋದರು.

ಕೆಲಸ ಶುರುವಾಯಿತು. ಆ ಮನುಷ್ಯ ಒಂದೊಂದನ್ನೇ ಮುಟ್ಟಿ ಹೆಸರು ಹೇಳುವನು. ನಾನು ಅದನ್ನು ಕನ್ನಡ ಮಾಡಲು ಹೆಣಗುವೆನು. ಒಂದು ಬಗೆಯ ತಿರುಪಿಗೆ ಅವರಲ್ಲಿ ಹುಳು ಎಂದು ಹೆಸರು. ಅಚ್ಚಿನಲ್ಲಿ ಮೊದಲು ಹೆಪ್ಪುಗಟ್ಟಿಸಿದ ಒರಟು ಕಬ್ಬಿಣಕ್ಕೆ ಹಂದಿ ಎಂದು ಹೆಸರು. ತಾಯಿಹಂದಿಯ ಮಗ್ಗುಲಲ್ಲಿ ಮರಿಗಳು ಮೊಲೆಗೆ ಬಿದ್ದಂತೆ ಕಾಲುವೆಯ ಎರಡೂ ಕಡೆ ಅದು ಹರಿದು ನಿಲ್ಲುತ್ತದಂತೆ. ಆಚಾರರು ಇದನ್ನು ಕೇಳಿ, “ನಮ್ಮ ಕುಲುಮೆ ಒಳಗೆ ಈ ಹೆಸರು ಬ್ಯಾಡ್ರಿ” ಎಂದರು. ಅದನ್ನು ಗಟ್ಟಿ ಕಬ್ಬಿಣ ಎಂದು ಬರೆದುಕೊಂಡೆ. ಎರಕದಲ್ಲಿ ಟೊಳ್ಳು ಬರಲೆಂದು ಅಚ್ಚಿನ ನಡುವೆ ಇಡುವ ಮಣ್ಣಿನ ಉಂಡೆಗೆ ತಿರುಳು ಎಂದು ಆಚಾರರೇ ಹೆಸರಿಟ್ಟರು. ಅದಕ್ಕಿಂತ ಒಳ್ಳೆಯ ಮಾತು ನನಗೆ ಇಂದಿಗೂ ಸಿಕ್ಕಿಲ್ಲ.

ಕಷ್ಟ ಬಂದದ್ದು ವಿದ್ಯುತ್ತಿನಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಆ ದೀಪ ಕಂಡಿದ್ದೆವು, ಅಷ್ಟೆ. ತಂತಿಯಲ್ಲಿ ಹೋಗುವುದು ನೀರಿನಂತೆ ಹರಿಯುತ್ತದೆ ಎಂದ ಮೆಕ್ಯಾನಿಕ್. ಹರಿವು ಎಂದು ಬರೆದೆ. ಹರಿವು ಇರುವ ತಂತಿಗೆ ಅವರು ಜೀವಂತ ತಂತಿ ಎನ್ನುತ್ತಾರೆ, ಇಲ್ಲದ್ದಕ್ಕೆ ಸತ್ತ ತಂತಿ.

“ಮುಟ್ಟಿದ್ರೆ ಏನಾಗ್ತತೆ?” ಎಂದು ಆಚಾರರು ಕೇಳಿದರು.

“ಸಾಯುತ್ತಾರಂತೆ.”

“ಯಾವುದನ್ನ ಮುಟ್ಟಿದ್ರೆ? ಸತ್ತಿದ್ದನ್ನಾ?”

“ಅಲ್ಲ, ಜೀವಂತ ಇರುವುದನ್ನು.”

ಅವರು, “ನಮ್ಮವರಿಗೆ ಇದನ್ನ ಹಿಂಗೇ ಹೇಳಿದ್ರೆ ಒಬ್ಬ ಉಳಿಯಾದಿಲ್ಲ. ಕೊಲ್ಲೋ ತಂತಿ ಅಂತ ಬರ್ಕಳ್ರಿ” ಎಂದರು. ಹೆಸರು ತಪ್ಪಾದರೆ ಆಳಿನ ಜೀವ ಹೋಗುತ್ತದೆ ಎಂಬುದು ಸಾಹೇಬರು ಹೇಳದೆ ಬಿಟ್ಟಿದ್ದ ವಿಷಯ.

ಹೊಗೆಯ ಊರು

ಆ ಊರಿನ ಹೆಸರನ್ನು ಬರೆಯುವುದಿಲ್ಲ. ಇಂಗ್ಲೆಂಡಿನ ಉತ್ತರಕ್ಕೆ ಅಂಥ ಊರುಗಳು ಹಲವು. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಎಲ್ಲವೂ ಒಂದೇ ಎತ್ತರ, ಒಂದೇ ಕಪ್ಪು. ಮೊದಲ ವಾರ ನಾನು ಎರಡು ಸಲ ಬೇರೆಯವರ ಮನೆಯ ಬಾಗಿಲು ತಟ್ಟಿದೆ. ಎರಡು ಸಲವೂ ಆ ಮನೆಯ ಹೆಂಗಸರೇ ‘ಕ್ಷಮಿಸಿ’ ಎಂದರು. ಅಲ್ಲಿಯವರು ತಪ್ಪು ಯಾರದೇ ಇರಲಿ, ಮೊದಲು ತಾವು ಕ್ಷಮೆ ಕೇಳುತ್ತಾರೆ.

ನಮಗೆ ಕೋಣೆ ಕೊಟ್ಟ ವಿಧವೆಯನ್ನು ಆಚಾರರು ಹಾರ್ಪರಮ್ಮ ಎನ್ನುತ್ತಿದ್ದರು. ಮಾಂಸ ಮುಟ್ಟದ ಇಬ್ಬರು ಗಂಡಸರನ್ನು ಆಕೆ ಕಾಯಿಲೆಯವರನ್ನು ಕಂಡಂತೆ ಮರುಕದಿಂದ ಕಂಡಳು. ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತರೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಮಾಡದೆ ಓಡಾಡುವಳು. ದಿನಾ ಮುಂಜಾನೆ ಆ ಬೀದಿಯ ಹೆಂಗಸರೆಲ್ಲ ಹೊಸ್ತಿಲ ಕಲ್ಲನ್ನು ತೊಳೆದು ಅಂಚಿಗೆ ಬಿಳಿಯ ಕಲ್ಲು ಉಜ್ಜಿ ಗೆರೆ ಎಳೆಯುತ್ತಿದ್ದರು. ಹೊಗೆಯ ಮಸಿ ಮಧ್ಯಾಹ್ನದೊಳಗೆ ಅದನ್ನು ಅಳಿಸುತ್ತಿತ್ತು. ಮರುದಿನ ಮತ್ತೆ ಗೆರೆ. “ಇವ್ರೂ ಬಾಗ್ಲು ಸಾರಿಸ್ತಾರೆ ನೋಡ್ರಿ” ಎಂದು ಆಚಾರರು ಮೊದಲ ದಿನ ಬಹಳ ಹೊತ್ತು ಕಿಟಕಿಯಲ್ಲೇ ನಿಂತಿದ್ದರು. ಆ ದಿನದಿಂದ ಅವರಿಗೆ ಆ ಊರು ಪರಸ್ಥಳ ಎನಿಸಲಿಲ್ಲ. ನನಗೆ ಎನಿಸುತ್ತಲೇ ಇತ್ತು.

ಮರಳಿನ ನೆಲ

ಎರಕದ ಮನೆ ಎಂದರೆ ನಮ್ಮ ಹಿರಿಯೂರಿನ ಸಂತೆ ಮೈದಾನದಷ್ಟು ದೊಡ್ಡ ಕೊಟ್ಟಿಗೆ. ನೆಲವೆಲ್ಲ ಕಪ್ಪು ಮರಳು. ನಮ್ಮನ್ನು ಸ್ಯಾಮ್ ಎಂಬ ಹಿರಿಯ ಅಚ್ಚುಗಾರನ ಕೈಗೆ ಒಪ್ಪಿಸಿದರು. ಅವನು ತನ್ನ ಅಂಗಿಯ ತೋಳು ಮಡಿಚಿ ಮುಂಗೈ ತೋರಿಸಿದ. ಕಿಡಿ ಸಿಡಿದು ಸುಟ್ಟ ಹಳೆಯ ಕಲೆಗಳು. ಆಚಾರರೂ ತೋಳು ಮೇಲೆತ್ತಿ ತಮ್ಮದನ್ನು ತೋರಿಸಿದರು. ಸ್ಯಾಮ್ ಬಗ್ಗಿ ನೋಡಿ, ಒಂದು ಕಲೆಯ ಮೇಲೆ ಬೆರಳಿಟ್ಟು ಹುಬ್ಬೇರಿಸಿದ. “ಹಿತ್ತಾಳೆ” ಎಂದರು ಆಚಾರರು. “ಬ್ರಾಸ್” ಎಂದ ಅವನು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಪರಿಚಯ ಮುಗಿದಿತ್ತು.

ಅಂದು ಕಲಿತ ಮಾತು ಗ್ರೀನ್. ಮರಳನ್ನು ಮುಷ್ಟಿಯಲ್ಲಿ ಹಿಡಿದು ಸ್ಯಾಮ್ ಹಾಗೆಂದ. ಆ ಮಾತಿಗೆ ಹಸಿರು ಎಂದು ಅರ್ಥ ಅಂತ ನಾನು ಹೇಳಿದೆ.

“ಇದು ಇದ್ದಿಲಂಗೈತೆ. ಹಸ್ರು ಎಲ್ಲೈತ್ರಿ?” ಎಂದರು ಆಚಾರರು.

ವಿಚಾರಿಸಿದಾಗ ತಿಳಿಯಿತು. ಬೆಂಕಿಗೆ ಹಾಕಿ ಒಣಗಿಸದ, ತುಸು ನೀರಿನ ಪಸೆ ಇರುವ ಮರಳಿಗೆ ಆ ಹೆಸರು. ಸಣ್ಣ ಎರಕಗಳಿಗೆ ಅದೇ ಸಾಕು. ಹಬೆ ಮರಳಿನ ಸಂದಿಯಿಂದ ಹೊರಗೆ ಹೋಗುತ್ತದೆ. ದೊಡ್ಡ ಎರಕಕ್ಕೆ ಹಾಗಲ್ಲ. ಅದಕ್ಕೆ ಜೇಡಿ ಕಲಸಿದ ಮಣ್ಣಿನ ಅಚ್ಚು ಕಟ್ಟಿ, ದಿನಗಟ್ಟಲೆ ಬೆಂಕಿ ಹಾಕಿ ತಿರುಳಿನವರೆಗೆ ಒಣಗಿಸಬೇಕು. ಅದರಲ್ಲಿ ನೀರು ಉಳಿದರೆ, ಕರಗಿದ ಕಬ್ಬಿಣ ಬಿದ್ದ ಕೂಡಲೆ ಹಬೆಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಸಿಡಿಯುತ್ತದೆ.

“ಹಸಿ ಅನ್ರಿ” ಎಂದರು ಆಚಾರರು. “ಹಸಿ ಮರಳು. ನಮ್ಮಲ್ಲಿ ಹಸಿ ಇಟ್ಟಿಗೆ ಅನ್ನಲ್ವಾ, ಹಸಿ ಮಡಿಕೆ ಅನ್ನಲ್ವಾ, ಹಸಿ ಬಾಣಂತಿ ಅನ್ನಲ್ವಾ. ಹಸ್ರೂ ಹಸೀನೂ ಅವ್ರಿಗೂ ಒಂದೇ ಬೇರು ನೋಡ್ರಿ.”

ನನಗೆ ಬಹಳ ಸಂತೋಷವಾಯಿತು. ಎರಡು ಭಾಷೆಗಳು ಇಷ್ಟು ದೂರದಲ್ಲಿದ್ದು ಒಂದೇ ಮಾತಿನಲ್ಲಿ ಕೂಡಿದವಲ್ಲ ಎಂದು. ಅಂದಿನಿಂದ ನಮ್ಮ ಮೂವರ ನಡುವೆ ಹಸಿ ಎಂದರೆ ಗ್ರೀನ್, ಗ್ರೀನ್ ಎಂದರೆ ಹಸಿ. ಸ್ಯಾಮ್ ಕೂಡ ‘ಅಸಿ’ ಎನ್ನುವುದನ್ನು ಕಲಿತ. ಅವನಿಗೆ ಹಕಾರ ಬರುತ್ತಿರಲಿಲ್ಲ. ನಮ್ಮೂರ ಕಡೆಯೂ ಅನೇಕರಿಗೆ ಬರುವುದಿಲ್ಲ.

ಗುಂಡಿ

ಚಳಿ ಇಳಿಯುತ್ತ ಬಂದಾಗ ಒಂದು ದೊಡ್ಡ ಕೆಲಸ ಬಂತು. ಯಾವುದೋ ದೇಶದ ಗಿರಣಿಗೆ ಭಾರಿ ಚಕ್ರ. ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಮಣ್ಣಿನ ಅಚ್ಚು ಕಟ್ಟಿದ್ದರು. ಒಣಗಿಸುವ ಬೆಂಕಿ ಇನ್ನೂ ಉರಿಯುತ್ತಿತ್ತು. ಹಡಗು ಗೊತ್ತಾದ ದಿನಕ್ಕಿಂತ ಮೊದಲೇ ಹೊರಡುತ್ತದೆ, ಬೆಂಕಿ ತೆಗೆದು ಇವತ್ತೇ ಎರೆಯಬೇಕು ಎಂದು ಮೇಲಿನಿಂದ ಅಪ್ಪಣೆಯಾಯಿತು.

ನಾನು ಆ ಹೊತ್ತು ಕಚೇರಿಯಲ್ಲಿದ್ದೆ. ನಡೆದದ್ದನ್ನು ಆಚಾರರ ಬಾಯಿಂದ ಕೇಳಿದ್ದೇನೆ. ಸ್ಯಾಮ್ ಗುಂಡಿಗೆ ಇಳಿದು ಅಚ್ಚಿನ ಒಳಮೈಗೆ ಒಂದು ಮೊಳೆ ಚುಚ್ಚಿ ತೆಗೆದ. ತುದಿಗೆ ಒದ್ದೆ ಮಣ್ಣು ಹತ್ತಿತ್ತು. ಫೋರ್‌ಮನ್‌ನನ್ನು ಕರೆದು ತೋರಿಸಿದ. ಆಚಾರರೂ ಪಕ್ಕದಲ್ಲಿ ಇಳಿದು ಮುಟ್ಟಿ ನೋಡಿದರು. ಫೋರ್‌ಮನ್ ಗಡಿಯಾರ ನೋಡಿ ಏನೋ ಹೇಳಿ ಹೋದ. ಸ್ಯಾಮ್ ಆಚಾರರ ಭುಜ ಹಿಡಿದು, ದೂರದ ಇಟ್ಟಿಗೆ ಕಂಬದ ಹಿಂದೆ ನಿಲ್ಲಿಸಿ, ಅಲ್ಲೇ ಇರು ಎಂದು ಅಂಗೈ ತೋರಿಸಿ, ತಾನು ಗುಂಡಿಯ ಬಾಯಿಗೆ ಹಿಂದಿರುಗಿದ.

ಅಚ್ಚು ಸಿಡಿದ ಶಬ್ದ ಕಚೇರಿಗೆ ಕೇಳಿಸಿತು. ಮಾರಿಕಣಿವೆಯಲ್ಲಿ ಬಂಡೆಗೆ ಮದ್ದು ಹಾಕಿ ಸಿಡಿಸುವ ಸದ್ದು ಕೇಳಿ ಪಳಗಿದ ಕಿವಿ ನನ್ನದು, ಇದು ಹಾಗಿರಲಿಲ್ಲ. ಒಳಗೆ ಹೋದಾಗ ಚಾವಣಿಯ ಗಾಜು ಉದುರುತ್ತಿತ್ತು. ಸ್ಯಾಮ್‌ನನ್ನು ಹೊರಗೆ ತಂದು ಮಲಗಿಸಿ ಮೇಲೆ ಒಂದು ಕೋಟು ಹೊದಿಸಿದ್ದರು. ಕೋಟಿನ ಕೆಳಗೆ ಏನಿತ್ತು ಎಂಬುದನ್ನು ಬರೆಯಲಾರೆ. ಆಚಾರರು ಅವನ ಪಾದದ ಹತ್ತಿರ ಮರಳಿನಲ್ಲಿ ಕೂತಿದ್ದರು. ನಾನು ಹತ್ತಿರ ಹೋದಾಗ, “ಇವನಿಗೆ ಗೊತ್ತಿತ್ತು ರುದ್ರಪ್ನೋರೆ” ಎಂದರು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಒಬ್ಬನನ್ನೇ ಕರೆದು ಕೂರಿಸಿ ಚಹಾ ತರಿಸಿದ. ಅಚ್ಚು ಚೆನ್ನಾಗಿ ಒಣಗಿತ್ತು, ಸ್ಯಾಮ್ ಗಾಳಿ ಹೋಗುವ ಕಂಡಿಗಳನ್ನು ಸರಿಯಾಗಿ ಚುಚ್ಚಿರಲಿಲ್ಲ, ಅವನ ಅಲಕ್ಷ್ಯದಿಂದಲೇ ಹೀಗಾಯಿತು ಎಂದು ಫೋರ್‌ಮನ್ ವಿಚಾರಣೆಯಲ್ಲಿ ಹೇಳಲಿದ್ದಾನೆ ಎಂದ. ಹತ್ತಿರ ನಿಂತವನೆಂದು ನಿಮ್ಮ ಆಚಾರಿಯನ್ನೂ ಸಾಕ್ಷಿಗೆ ಕರೆದಿದ್ದಾರೆ ಎಂದ. ಆಮೇಲೆ ಬಹಳ ಮೆಲ್ಲಗೆ, “ಈ ಊರಿನಲ್ಲಿ ಅವನ ಭಾಷೆ ಬಲ್ಲವರು ನೀವೊಬ್ಬರೇ. ನೀವು ಹೇಳಿದ್ದೇ ಅವನು ಹೇಳಿದ್ದು. ನೀವಿಬ್ಬರೂ ಇಲ್ಲಿ ಇನ್ನೂ ಬಹಳ ಕಲಿಯುವುದಿದೆ, ಅಲ್ಲವೆ?” ಎಂದ.

ಚಹಾ ಕುಡಿಯಲಾಗಲಿಲ್ಲ. ಎದ್ದು ಬಂದೆ. ಹಾದಿಯುದ್ದಕ್ಕೂ ಸಾಹೇಬರ ಮುಖ ಕಣ್ಣ ಮುಂದೆ ಬರುತ್ತಿತ್ತು. ಕುಲುಮೆಯ ಊದುಗಾಳಿಯ ಲೆಕ್ಕ ನಾವು ಇನ್ನೂ ಕಲಿತಿರಲಿಲ್ಲ. ಉಕ್ಕಿನ ಹದ ಶುರುವೇ ಆಗಿರಲಿಲ್ಲ. ವಿದ್ಯುತ್ತಿನ ಮನೆಯ ಬಾಗಿಲು ತೆರೆಸುತ್ತೇನೆಂದು ಇದೇ ಮ್ಯಾನೇಜರ್ ಮಾತು ಕೊಟ್ಟಿದ್ದ. ಈಗ ಹೊರಗೆ ಹಾಕಿದರೆ ಹಿರಿಯೂರಿನ ಎರಕದ ಮನೆ ಎಂಬುದು ಕನಸೇ.

ಆಚಾರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೋಣೆಯ ಒಲೆಯ ಮುಂದೆ ಕೂತು ಕೇಳಿದರು.

“ಸ್ಯಾಮಣ್ಣನ ಹೆಂಡ್ತಿಗೆ ಏನಾಗ್ತತೆ?”

“ಅವನದೇ ತಪ್ಪು ಎಂದಾದರೆ ಪರಿಹಾರ ಏನೂ ಸಿಗುವುದಿಲ್ಲ. ಹೆಸರೂ ಹೋಗುತ್ತದೆ.”

“ನಾ ಕಂಡಿದ್ದು ನಾ ಹೇಳ್ತೀನಿ” ಎಂದರು ಆಚಾರರು. “ನೀವು ಅದನ್ನ ಇಂಗ್ಲೀಷ್‌ನಾಗೆ ಏನಂತ ಹೇಳ್ತೀರೋ, ಅದು ನಿಮ್ಮ ಎದೆ ಮ್ಯಾಲಿರೋ ಲಿಂಗಕ್ಕೆ ಬಿಟ್ಟಿದ್ದು.”

ಹೆಂಡದಂಗಡಿಯ ಮಹಡಿ

ಆ ದೇಶದಲ್ಲಿ ಅಪಮೃತ್ಯುವಾದರೆ ಹೂಳುವ ಮುನ್ನ ಊರಿನ ಹಲವು ಮಂದಿಯನ್ನು ಪಂಚರಾಗಿ ಕೂರಿಸಿ ಒಬ್ಬ ಅಧಿಕಾರಿ ವಿಚಾರಣೆ ಮಾಡುತ್ತಾನೆ. ನಮಗೆ ಆಶ್ಚರ್ಯವಾದದ್ದು ಜಾಗ. ಬೇರೆ ದೊಡ್ಡ ಕೋಣೆ ಇಲ್ಲವೆಂದು ಒಂದು ಹೆಂಡದಂಗಡಿಯ ಮಹಡಿಯಲ್ಲಿ ಅದು ನಡೆಯಿತು. ಕೆಳಗೆ ಲೋಟಗಳ ಸದ್ದು; ಮೇಲೆ ಉದ್ದನೆಯ ಮೇಜು, ಟೋಪಿ ಮಡಿಲಲ್ಲಿಟ್ಟುಕೊಂಡ ಪಂಚರು. ಅವರು ಮೊದಲು ಹೋಗಿ ಹೆಣ ನೋಡಿ ಬಂದಿದ್ದರು. ಒಬ್ಬೊಬ್ಬರ ಮುಖವೂ ಸುಣ್ಣದಂತೆ ಬಿಳಿಚಿತ್ತು. ಸ್ಯಾಮ್‌ನ ಹೆಂಡತಿ ಕಪ್ಪು ಬಟ್ಟೆ ತೊಟ್ಟು ಮೂಲೆಯಲ್ಲಿ ಕೂತಿದ್ದಳು. ಎರಕದ ಮನೆಯ ಆಳುಗಳು ಗೋಡೆಗೆ ಒರಗಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಫೋರ್‌ಮನ್ ಹೇಳಬೇಕಾದದ್ದನ್ನು ಹೇಳಿದ. ಅವನ ದನಿ ಸಣ್ಣಗಿತ್ತು. ಆಮೇಲೆ ಆಚಾರರನ್ನು ಕರೆದರು. ಪ್ರಮಾಣಕ್ಕೆ ಅವರ ಧರ್ಮಗ್ರಂಥ ಮುಂದೆ ಹಿಡಿದರು. ಆಚಾರರು ಅದಕ್ಕೆ ಕೈಮುಗಿದು, “ಇದು ಅವ್ರ ದೇವ್ರು. ನಮ್ಮ ಸಾಕ್ಷಿ ಅಲ್ಲೈತೆ” ಎಂದು ಗೋಡೆಯ ಒಲೆಯ ಕಡೆ ನಡೆದು, ಉರಿಯುವ ಕಲ್ಲಿದ್ದಲಿನ ಎದುರು ಅಂಗೈ ಚಾಚಿ ನಿಂತರು. ನಾನು ಅರ್ಥ ಹೇಳಿದೆ. ಅಧಿಕಾರಿ ಸ್ವಲ್ಪ ಯೋಚಿಸಿ, ಆಗಬಹುದು ಎಂದ.

“ಅಚ್ಚನ್ನು ನೀವು ನೋಡಿದಿರಾ?”

“ನೋಡೀನಿ. ಮುಟ್ಟೀನಿ.”

“ಅದು ಹೇಗಿತ್ತು?”

“ಹಸಿ ಇತ್ತು” ಎಂದರು ಆಚಾರರು.

“ಗ್ರೀನ್ ಇತ್ತು” ಎಂದೆ ನಾನು. ತಿಂಗಳುಗಳಿಂದ ನಾಲಗೆಗೆ ಕೂತುಹೋದ ಮಾತು. ಯೋಚನೆ ಮಾಡುವ ಮೊದಲೇ ಬಂದಿತ್ತು.

ಫೋರ್‌ಮನ್ ತಲೆಯೆತ್ತಿದ. “ಗ್ರೀನ್ ಮರಳಿನಲ್ಲಿ ನಾವು ದಿನಾ ಎರೆಯುತ್ತೇವೆ ಸ್ವಾಮಿ, ಅದೇ ಪದ್ಧತಿ” ಎಂದ. ಪಂಚರಲ್ಲಿ ಆ ಕಸುಬು ಬಲ್ಲ ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಅಧಿಕಾರಿ ಲೇಖನಿ ಅದ್ದಿ, ಸಾಕ್ಷಿ ಹೋಗಬಹುದು ಎನ್ನುವಂತೆ ಕೈ ಎತ್ತಿದ. ಕಿಟಕಿಯ ಬಳಿ ಕೂತಿದ್ದ ಮ್ಯಾನೇಜರ್ ನನ್ನ ಕಡೆ ಒಂದು ಸಲ ನೋಡಿ ಕಣ್ಣು ಕೆಳಗಿಳಿಸಿದ. ಅದರಲ್ಲಿ ಉಪಕಾರ ಸ್ಮರಣೆ ಇತ್ತು.

ನಾನು ಸುಳ್ಳು ಹೇಳಿರಲಿಲ್ಲ. ಆ ಮಾತಿಗೆ ನಾವು ಮೂವರೂ ಸೇರಿ ಇಟ್ಟ ಅರ್ಥವನ್ನೇ ಹೇಳಿದ್ದೆ. ಅಲ್ಲಿಗೇ ಕೂತಿದ್ದರೆ ನನ್ನ ಮೇಲೆ ಬೆರಳು ತೋರಿಸುವವರು ಲೋಕದಲ್ಲಿ ಯಾರೂ ಇರಲಿಲ್ಲ. ಸತ್ಯವಾದ ಮಾತೇ ಅಲ್ಲಿ ಸುಳ್ಳಿನ ಕೆಲಸ ಮಾಡಿ ಮುಗಿಸಿತ್ತು.

“ಏನಂದ್ರು?” ಎಂದು ಆಚಾರರು ಕೇಳಿದರು.

ಹೇಳಿದೆ. ಅವರು ಕೋಪಗೊಳ್ಳಲಿಲ್ಲ. “ಹಂಗಲ್ಲ” ಎಂದಷ್ಟೇ ಹೇಳಿ, ಒಲೆಯ ಪಕ್ಕದಿಂದ ಕದಲದೆ ನನ್ನನ್ನೇ ನೋಡುತ್ತ ನಿಂತರು.

ನಾನು ಎದ್ದು ನಿಂತೆ. “ಸ್ವಾಮಿ, ಸಾಕ್ಷಿ ಹೇಳಿದ ಮಾತಿಗೆ ನಾನು ಕೊಟ್ಟ ಇಂಗ್ಲೀಷ್ ಮಾತು ಇಲ್ಲಿ ಹೊಂದುವುದಿಲ್ಲ. ಬರೆದದ್ದನ್ನು ಹೊಡೆದುಹಾಕಬೇಕು” ಎಂದೆ. ನಮ್ಮ ಭಾಷೆಯಲ್ಲಿ ಬೇಯದ ಅನ್ನಕ್ಕೂ, ಸುಡದ ಮಡಿಕೆಗೂ, ಒಣಗದ ಸೌದೆಗೂ, ಮಾಯದ ಗಾಯಕ್ಕೂ ಹಸಿ ಎಂಬ ಅದೊಂದೇ ಮಾತು. ನಿಮ್ಮ ಗ್ರೀನ್ ಮರಳು ಪದ್ಧತಿಯಿಂದ ಹಸಿ, ಈ ಅಚ್ಚು ಒಣಗಬೇಕಾಗಿದ್ದು ಒಣಗದೆ ಉಳಿದ ಹಸಿ. ಇನ್ನೊಮ್ಮೆ ಕೇಳಿ, ಸಾಕ್ಷಿ ಬಿಡಿಸಿ ಹೇಳಲಿ, ನಾನು ಮಾತಿಗೆ ಮಾತು ಹೇಳುತ್ತೇನೆ ಎಂದೆ.

ಅಧಿಕಾರಿ ಕೇಳಿದ. ಆಚಾರರು ನಿಧಾನವಾಗಿ ಹೇಳಿದರು: “ಅದು ಮರಳಿನ ಅಚ್ಚಲ್ಲ, ಮಣ್ಣಿಂದು. ಮ್ಯಾಲೆ ಒಣಗಿತ್ತು. ಸ್ಯಾಮಣ್ಣ ಮೊಳೆ ಚುಚ್ಚಿ ತೆಗೆದ. ತುದೀಗೆ ಮಣ್ಣು ಮೆತ್ಕಂಡು ಬಂತು. ಈ ಯಪ್ಪನಿಗೆ ತೋರ್ಸಿದ. ನಾನೂ ಬೆರಳಿಟ್ಟೆ, ಒದ್ದೆ ಇತ್ತು. ದಪ್ಪ ರೊಟ್ಟಿ ಮ್ಯಾಲೆ ಬೆಂದು ಒಳಗೆ ಹಿಟ್ಟು ಉಳಿದಂಗೆ.”

ಪಂಚರಲ್ಲಿ ಒಬ್ಬ ರೊಟ್ಟಿ ಮಾಡಿ ಮಾರುವವನಿದ್ದ. ಅವನು ಮುಂದೆ ಬಾಗಿ, “ಬೆರಳಿಗೆ ಅಂಟಿತೇ?” ಎಂದು ಕೇಳಿದ.

“ಅಂಟಿತು. ಒರಸ್ಕಂಡೆ” ಎಂದು ಆಚಾರರು ತಮ್ಮ ಕೋಟಿನ ಅಂಚು ಹಿಡಿದು ತೋರಿಸಿದರು. ಅದನ್ನು ಅವರು ಇನ್ನೂ ಒಗೆದಿರಲಿಲ್ಲ. ಅಲ್ಲಿ ಒಣಗಿದ ಜೇಡಿಯ ಗೆರೆ ಇತ್ತು.

ಗೋಡೆಗೆ ಒರಗಿದ್ದವರಲ್ಲಿ ಕುಲುಮೆ ಕಾಯುವ ಮುದುಕ ಟೋಪಿ ತೆಗೆದು, “ನಾನೂ ಆ ಮೊಳೆ ನೋಡಿದ್ದೇನೆ ಸ್ವಾಮಿ” ಎಂದ. ಅವನ ಪಕ್ಕದವನೂ ನೋಡಿದ್ದ. ಕೊನೆಗೆ ಅಧಿಕಾರಿ ಫೋರ್‌ಮನ್‌ನನ್ನೇ ಮತ್ತೆ ಕರೆದ. ಅವನು ತನ್ನ ಕೈಗಳನ್ನು ನೋಡಿಕೊಂಡು, “ಎರೆಯಬೇಕೆಂದು ನನಗೂ ಅಪ್ಪಣೆ ಇತ್ತು” ಎಂದ.

ಸತ್ತವನ ತಪ್ಪಿಲ್ಲ, ಅಚ್ಚು ಒಣಗುವ ಮೊದಲೇ ಎರೆದದ್ದರಿಂದ ಸಾವಾಯಿತು ಎಂದು ಪಂಚರು ತೀರ್ಮಾನ ಕೊಟ್ಟರು. ಸ್ಯಾಮ್‌ನ ಹೆಂಡತಿಗೆ ಸಲ್ಲಬೇಕಾದದ್ದು ಸಂದಿತು. ನಮಗೆ ವಾರ ಕಳೆಯುವ ಮುನ್ನ, ಇನ್ನು ಮುಂದೆ ನಿಮಗೆ ಕಲಿಸಲು ಸ್ಥಳಾವಕಾಶವಿಲ್ಲವೆಂದು ಸಭ್ಯವಾಗಿ ತಿಳಿಸಿದರು.

ಸ್ಯಾಮ್‌ನ ಮನೆ

ಹೂಳುವ ದಿನ ಸ್ಯಾಮ್‌ನ ಬೀದಿಯ ಎಲ್ಲ ಕಿಟಕಿಗಳ ಪರದೆಗಳು ಇಳಿದಿದ್ದವು. ಅಳುವ ದನಿ ಎಲ್ಲೂ ಇಲ್ಲ. ನಮ್ಮಲ್ಲಿ ಸಾವಿನ ಮನೆಯನ್ನು ಕಿವಿಯಿಂದ ಹುಡುಕಬಹುದು. ಅಲ್ಲಿ ಮೌನದಿಂದ ಹುಡುಕಬೇಕು. ಗಂಡಸರು ಟೋಪಿ ತೆಗೆದು ನಿಂತರು. ಫೋರ್‌ಮನ್ ಎಲ್ಲರಿಗಿಂತ ಹಿಂದೆ, ಸ್ಮಶಾನದ ಗೋಡೆಯ ಹೊರಗೇ ನಿಂತಿದ್ದ. ಯಾರೂ ಅವನನ್ನು ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಆಚಾರರು ಹಿತ್ತಲಿನಲ್ಲಿ ಆ ಚಳಿಯಲ್ಲಿ ತಣ್ಣೀರು ತಲೆಗೆ ಸುರಿದುಕೊಂಡರು. ಹಾರ್ಪರಮ್ಮ ಗಾಬರಿಯಿಂದ ಕಂಬಳಿ ಹಿಡಿದು ಓಡಿಬಂದವಳು, ನಾನು ಕಾರಣ ಹೇಳಿದ ಮೇಲೆ ಮತ್ತೊಂದು ಕೊಡ ನೀರು ತಾನೇ ತಂದಿಟ್ಟಳು.

ಹೊರಡುವ ಮುನ್ನ ಸ್ಯಾಮ್‌ನ ಹೆಂಡತಿಯನ್ನು ಕಾಣಲು ಹೋದೆವು. ಸಣ್ಣ ಮನೆ. ಕೂರಿಸಿ ಹಾಲಿಲ್ಲದ ಚಹಾ ಕೊಟ್ಟಳು.

“ನಿಮ್ಮ ಭಾಷೆಗೆ ಮಾತು ಹುಡುಕಲು ಬಂದವರು ನೀವು ಎಂದು ಅವನು ಹೇಳುತ್ತಿದ್ದ” ಎಂದಳು. “ಅವನ ಕೆಲಸಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ?”

ಎರೆಯುವವನು ಎನ್ನುತ್ತೇವೆ ಎಂದೆ. ಅದನ್ನು ಬಿಡಿಸಿ ಹೇಳಬೇಕೆನಿಸಿತು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವುದಕ್ಕೆ ಎರೆಯುವುದು ಎನ್ನುತ್ತೇವೆ. ತಾಯಿ ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕುವುದಕ್ಕೂ ಎರೆಯುವುದು ಎಂದೇ ಎನ್ನುತ್ತೇವೆ ಎಂದೆ.

ಆಕೆ ಆ ಮಾತನ್ನು ಹೇಳಿಸಿಕೊಂಡು, ತುಟಿಯಲ್ಲೇ ಒಂದೆರಡು ಸಲ ಅಂದು ನೋಡಿಕೊಂಡಳು. ಆಮೇಲೆ ಅತ್ತಳು. ವಿಚಾರಣೆಯಲ್ಲಿ, ಗೋರಿಯ ಹತ್ತಿರ ಎಲ್ಲೂ ಅಳದವಳು. ಆಚಾರರು ಎದ್ದು ಆಕೆಯ ಮುಂದೆ ಕೈಮುಗಿದು, “ನನ್ನ ಜೀವ ಅವ್ನು ಕೊಟ್ಟಿದ್ದು ತಾಯಿ” ಎಂದರು. ನಾನು ಅದನ್ನು ಇಂಗ್ಲೀಷಿಗೆ ತಿರುಗಿಸಿದೆ. ಗೊತ್ತು ಎನ್ನುವಂತೆ ಆಕೆ ತಲೆಯಾಡಿಸಿದಳು.

ಹಿರಿಯೂರು

ನಾವು ಊರು ತಲುಪುವಷ್ಟರಲ್ಲಿ ನಮ್ಮ ಮೇಲಿನ ದೂರು ಸಾಹೇಬರ ಮೇಜು ಸೇರಿತ್ತು. ನಡೆದದ್ದನ್ನು ನಿಂತುಕೊಂಡೇ ಹೇಳಿದೆ. ಕೇಳಿ ಮುಗಿಸಿ ಅವರು, “ಏನು ಕಲಿಯದೆ ಬಂದಿರಿ, ಅದನ್ನು ಮೊದಲು ಹೇಳು” ಎಂದರು. ಹೇಳಿದೆ. ಬಹಳವಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ, “ಇರಲಿ. ಗೊತ್ತಿರುವುದರಿಂದ ಶುರು ಮಾಡಿ” ಎಂದರು.

ಚಿತ್ರದುರ್ಗದ ತರಗತಿಗೆ ಆ ವರ್ಷ ಮಂಜೂರಾತಿ ಬರಲಿಲ್ಲ. ನಾವು ತಂದ ಮಾತುಗಳಲ್ಲಿ ವಿದ್ಯುತ್ತಿನವು ಹೆಚ್ಚು ಕಡಿಮೆ ನಿಷ್ಪ್ರಯೋಜಕವಾದವು. ಜನ ಕರೆಂಟು ಎಂದೇ ಅಂದರು, ನಾನೂ ಈಗ ಹಾಗೇ ಅನ್ನುತ್ತೇನೆ. ಆದರೆ ಹಿರಿಯೂರಿನಲ್ಲಿ ವೇದಾವತಿಯ ದಂಡೆಯ ಮೇಲೆ ಒಂದು ಕೊಟ್ಟಿಗೆ ಎದ್ದಿತು, ಕುಲುಮೆ ಎದ್ದಿತು. ಮೊದಲ ಕೆಲಸ ಒಂದು ನಾಲೆಯ ತೂಬಿಗೆ ಹಲ್ಲುಚಕ್ರ.

ಅಚ್ಚು ಕಟ್ಟಿದ ಮೇಲೆ ಆಚಾರರು ಒಣಗಿಸಲು ಬೆಂಕಿ ಹಾಕಿ ಕೂತರು. ದಿನ ಕಳೆಯಿತು; ಇನ್ನೂ ಆಗಿಲ್ಲ ಎಂದರು. ನಾಲೆಯ ಕೆಳಗಿನ ಗದ್ದೆಯವರು ಬಂದು ಕೇಳಿದರು. ಅಮಲ್ದಾರರ ಕಚೇರಿಯಿಂದ ಆಳು ಬಂದ. ಕುರಿ ಮೇಯಿಸುತ್ತ ಆ ದಂಡೆಯಲ್ಲೇ ಇರುತ್ತಿದ್ದ ಈರಣ್ಣಜ್ಜ ದಿನಾ ಬಂದು ಕೋಲೂರಿ ನಿಂತು, “ಏನ್ ಆಚಾರ್ರೆ, ಅಚ್ಚಿಗೆ ಬಾಣಂತನ ಮಾಡ್ತೀರೋ ಹೆಂಗೆ?” ಎಂದು ಕೇಳುತ್ತಿದ್ದ. ಆಚಾರರು ಮೊಳೆ ಚುಚ್ಚುವರು, ತುದಿಯನ್ನು ತುಟಿಗೆ ತಾಗಿಸುವರು, ಮತ್ತೆ ಸೌದೆ ಹಾಕುವರು. ಅವಸರ ಮಾಡಿ ಎಂದು ಮೇಲಿನವರು ನನಗೂ ಹೇಳಿ ಕಳಿಸಿದರು. ಒಣಗಿಲ್ಲ ಎಂದು ಮರು ಹೇಳಿ ಕಳಿಸಿದೆ.

ಕೊನೆಗೆ ಒಂದು ಬೆಳಿಗ್ಗೆ ಅವರು ಎದ್ದು ಹೊಳೆಯಲ್ಲಿ ಮಿಂದು ಬಂದು, “ಹ್ಞೂಂ, ಎರೆಯಾಣ” ಎಂದರು.

ಊರಿಗೆ ಊರೇ ನೋಡಲು ಬಂದಿತ್ತು. ವಿಲಾಯತಿಯ ವಿದ್ಯೆ, ಕಬ್ಬಿಣದ ನೀರು, ಏನೇನೋ ಕಾಣುತ್ತದೆ ಎಂದು ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದರು. ಆಚಾರರು ಎಲ್ಲರನ್ನೂ ದೂರ ನಿಲ್ಲಿಸಿ, “ಸರಿ, ಬಿಡ್ರಿ” ಎಂದರು. ಕೆಂಪಗೆ ಕಬ್ಬಿಣ ಇಳಿಯಿತು. ಗಾಳಿ ಕಂಡಿಗಳ ಬಾಯಲ್ಲಿ ಸಣ್ಣ ನೀಲಿ ಉರಿ ಕಾಣಿಸಿಕೊಂಡು, ಸ್ವಲ್ಪ ಹೊತ್ತು ಆಡಿ ಆರಿತು. ಸದ್ದಿಲ್ಲ, ಕಿಡಿಯಿಲ್ಲ. ಮೇಲಿನ ಬಾಯಿ ತುಂಬಿ ನಿಂತು ನಿಧಾನವಾಗಿ ಕಪ್ಪಾಗತೊಡಗಿತು.

ಜನ ಇನ್ನೂ ಕಾಯುತ್ತಿದ್ದರು. ಈರಣ್ಣಜ್ಜ ಕೋಲಿನ ಮೇಲೆ ಗದ್ದ ಊರಿಕೊಂಡು ಕೇಳಿದ: “ಆತೇನು? ಇಷ್ಟೇನಾ ಆಚಾರ್ರೆ?”

ಆಚಾರರು ನೆಲಕ್ಕೆ ಕುಕ್ಕರಿಸಿ, ಆ ಅಚ್ಚಿನ ಪಕ್ಕದ ಮಣ್ಣಿಗೆ ಕೈ ಊರಿ ಕೂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು.

“ಇಷ್ಟೇ ಅಜ್ಜ” ಎಂದರು. “ಇಷ್ಟೇ ಆಗ್ಬೇಕು.”